ದೀಪ ಕುಡಿದ ಎಣ್ಣೆ

ನರಸಿಂಹರಾಜಪುರ
12 ಫೆಬ್ರವರಿ 2025

ಪ್ರಿಯ ಯಶವಂತ,

‘ದೀಪ ತನ್ನ ಎಣ್ಣೆಯನ್ನು ತಾನೇ ಕುಡಿದು...’ ಮುಂದೇನಿತ್ತು? ‘ಬೆಳಗುತ್ತದೆ’ ಎಂದೋ, ‘ಬರಿದಾಗುತ್ತದೆ’ ಎಂದೋ? ನನ್ನ ಪಾಠದ ನೋಟ್ಸಿನ ಹಿಂದೆ ನೀನೇ ಬರೆದ ಸಾಲು. ಆಗ ಕವಿತೆ ಎಂದು ಮೆಚ್ಚಿದ್ದೆ. ನಿನ್ನ ಪತ್ರ ಓದಿದ ಮೇಲೆ ತಿಳಿಯಿತು, ಅದು ಹೆದರಿಕೆ.

ಉತ್ತರ ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳಲಾಗದೆ ಬರೆದೆ ಎಂದಿದ್ದೀಯ. ನನಗೂ ಓದಿದ ಕೂಡಲೇ ಬರೆಯಲಾಗಲಿಲ್ಲ.

ಎಂ.ಎ. ಮುಗಿಸಿ ಇಬ್ಬರೂ ಜಯಪುರದಲ್ಲಿ ಪಾಠ ಹೇಳುತ್ತಿದ್ದ ಆ ವರ್ಷವೇ ಕಣ್ಣ ಮುಂದಿದೆ. ಸಂಜೆ ನೀನು ಶೃಂಗೇರಿ ಕಡೆಗೆ, ನಾನು ಕೊಪ್ಪದ ಕಡೆಗೆ. ಎರಡೂ ಬಸ್ಸು ಬಂದು ಹೋದರೂ ನಾವು ಹುರಿಗಡಲೆ ತಿನ್ನುತ್ತ ಕವಿತೆ ಓದುತ್ತಿದ್ದೆವು. ‘ಇವತ್ತೂ ಬಸ್ಸು ಬರ್ಲಿಲ್ವಾ ಮಾರಾಯ?’ ಎಂದು ಅಂಗಡಿಯ ರಂಗಪ್ಪ ನಗುತ್ತಿದ್ದ.

ಅದೇ ದಿನಗಳಲ್ಲಿ ನೀನು ನಿದ್ದೆಯಲ್ಲಾಗುವ ಸ್ಖಲನಕ್ಕೆ ಹೆದರಿ, ಬಾಳೆಹೊನ್ನೂರಿನ ಲಾಡ್ಜಿಗೆ ಬರುತ್ತಿದ್ದ ಯಾವನೋ ವೈದ್ಯನ ಮುಂದೆ ಕೂತಿದ್ದೆಯಂತೆ. ‘ರಕ್ತವೇ ಸೋರಿ ಹೋಗಿದೆ, ಮದುವೆಯಾದರೆ ಹುಡುಗಿಯ ಬಾಳು ಹಾಳು’ ಎಂದನಂತೆ. ನೀನು ನಂಬಿದೆ. ನಮ್ಮಿಬ್ಬರ ಮದುವೆಯ ಮಾತು ನಡೆದಿದ್ದಾಗಲೇ ಜಾತಕ ಕೂಡಲಿಲ್ಲವೆಂದು ನಮ್ಮ ಮನೆಗೆ ಹೇಳಿ ಕಳಿಸಿ, ಒಂಟಿಯಾಗಿಯೇ ಉಳಿದೆ.

ಈಗ ಕೊಪ್ಪದ ಡಾಕ್ಟರು ಹೇಳಿದ್ದನ್ನು ಓದಿ ಮೊದಲು ನಗು ಬಂತು. ‘ಅದು ಎಂಜಲಿದ್ದ ಹಾಗೆ ಮಾರಾಯ, ಊರ್ತಾ ಇರ್ತದೆ. ಒಂಟಿ ಇದ್ದವ್ರಿಗೆ ಕೆಲವು ಸಲ ನಿದ್ದೇಲಿ ಹೋಗ್ತದೆ, ಇಲ್ಲಾಂದ್ರೆ ಮೈಯೇ ಹೀರ್ಕೊಳ್ತದೆ. ಹೋದ್ರೆ ನಷ್ಟ ಇಲ್ಲ, ತಡೆದ್ರೆ ಶಕ್ತಿ ಬರೂದೂ ಇಲ್ಲ. ನಿಂಗೆ ಆವಾಗ್ಲೂ ಎಂತದೂ ಆಗಿರ್ಲಿಲ್ಲ.’ ಆ ಕೊನೆಯ ಮಾತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟೆ ಎಂದಿದ್ದೀಯ. ನಾನೂ ಹಿತ್ತಿಲ ಮೆಟ್ಟಿಲ ಮೇಲೆ ಹಾಗೆಯೇ ಕೂತೆ.

‘ಒಮ್ಮೆ ಬರಲೇ?’ ಎಂದು ಕೇಳಿದ್ದೀಯ. ಬಾ. ಐವತ್ತರ ಹತ್ತಿರ ಬಂದ ಇಬ್ಬರು ಏನು ಮಾತಾಡುತ್ತಾರೋ ನನಗೂ ಗೊತ್ತಿಲ್ಲ. ಕವಿತೆಯನ್ನಾದರೂ ಓದೋಣ. ಅಲ್ಲಿಯವರೆಗೆ ದೇವರು ನಿನಗೆ ಹೆದರಿಕೆಯಿಲ್ಲದ ನಿದ್ದೆ ಕೊಡಲಿ.

ನಿನ್ನ
ಸರ್ವಮಂಗಳಾ

ಮರೆತ ಮಾತು: ಜಾತಕ ಬರೀ ನೆಪವೆಂದು ನನಗೆ ಆಗಲೇ ಅನಿಸಿತ್ತು. ನಿಜವಾದ ಕಾರಣ ನನ್ನ ಕುತ್ತಿಗೆಯ ಬಿಳಿ ಮಚ್ಚೆ ಎಂದುಕೊಂಡೆ. ಆಮೇಲೆ ನೋಡಲು ಬಂದವರಿಗೆಲ್ಲ ನಾನೇ ಬೇಡವೆಂದೆ. ಅಂದಿನಿಂದ ಕಡುಬೇಸಿಗೆಯಲ್ಲೂ ಕುತ್ತಿಗೆ ತುಂಬ ಸೆರಗು ಹೊದ್ದೇ ಇದ್ದೇನೆ. ಇವತ್ತು ಹೊದೆಯಲಿಲ್ಲ. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ವನಜಮ್ಮ ಬಾಗಿಲಲ್ಲೇ ನಿಂತು ನೋಡಿದರು.

‘ಇಷ್ಟೇ ಇದ್ದದ್ದಾ? ಇಷ್ಟು ವರ್ಷ ನಾನು ನಿಂಗೆ ಚಳಿ ಜಾಸ್ತಿ ಅಂದ್ಕೊಂಡಿದ್ದೆ ಮಾರಾಯ್ತಿ.’