ಎಂಟೋ ಹನ್ನೆರಡೋ

ದುರುಗೇಶ,

ನನ್ನ ಜೊತೆ ಮಾತು ಬಿಟ್ಟು ನೀನು ತೊರೆದುಹೋದ ನಮ್ಮ ಸ್ಟುಡಿಯೋದಲ್ಲಿ, ವಿಡಿಯೋ ಎಡಿಟ್ ಮಾಡುವ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಇವತ್ತು ಸುಟ್ಟುಹೋಯಿತು. ಕವಿತಾಳ ಮದುವೆ ವಿಡಿಯೋ ಸಂಜೆಯೊಳಗೆ ಕೊಡಬೇಕು. ಅವಳಪ್ಪ ಬಾಗಿಲಲ್ಲೇ ಕೂತಿದ್ದಾರೆ. ಗಂಗಾವತಿಗೆ ಓಡಿದೆ. ಕಂಪ್ಯೂಟರ್ ಅಂಗಡಿಯ ಯಮನೂರ ಎರಡು ಕಾರ್ಡ್ ಮುಂದಿಟ್ಟ, ಒಂದರ ಮೆಮೊರಿ ಎಂಟು ಜಿಬಿ, ಇನ್ನೊಂದರದ್ದು ಹನ್ನೆರಡು. ಮೆಮೊರಿ ಕಡಿಮೆಯಾದರೂ ಎಂಟರದ್ದೇ ಹೊಸ ಮಾಡೆಲ್, ಅದೇ ಜೋರು ಅಂದ. ನನಗೆ ನಂಬಿಕೆ ಬರಲಿಲ್ಲ, ಎರಡನ್ನೂ ಕೈಯಲ್ಲಿ ತೂಗಿ ನೋಡಿದೆ.

“ಏನಣ್ಣ, ಬದನಿಕಾಯಿ ತೂಗಿದಂಗ ತೂಗಾಕತ್ತಿ! ದುರುಗೇಶಣ್ಣಗ ಕೇಳಲೇನು?”

“ಬ್ಯಾಡ” ಅಂದೆ. ಅವನು ಫೋನ್ ಹಚ್ಚಿ ಸ್ಪೀಕರ್ ಹಾಕಿಯೇಬಿಟ್ಟ. ನಮ್ಮ ಸ್ಟುಡಿಯೋಕ್ಕೆ ಯಾವುದು ಅಂತ ಕೇಳಿದ, ನಾನು ಪಕ್ಕದಲ್ಲಿರುವುದನ್ನು ಹೇಳಲಿಲ್ಲ.

“ಎಂಟರದ್ದ ಕೊಡಪಾ. ಇನ್ನೊಂದು ಭಾಳ ಕರೆಂಟ್ ತಿಂತೈತಿ, ಆ ಹಳೇ ಮಷಿನ್ ತಡಿಯಂಗಿಲ್ಲ” ಅಂದೆ ನೀನು. ಆಮೇಲೆ ತಡೆದು, “ಅಂವ ಅಲ್ಲೇ ಅದಾನೇನು?” ಅಂತ ಕೇಳಿದೆ.

ಯಮನೂರ ನನ್ನ ಮುಖ ನೋಡಿದ. ಇಲ್ಲ ಅನ್ನು ಎಂದು ನಾನು ಕೈಸನ್ನೆ ಮಾಡಿದೆ.