ಸುಕ್ಕಿಲ್ಲದ ಕಟ್ಟು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ, ಬೆಳಗ್ಗೆ

ಪ್ರೀತಿಯ ಮಗಳೇ,

ಆರೋಗ್ಯವೇ? ಮೋಜಣಿ ಶಿಬಿರದ ಗುಡಾರದಲ್ಲಿ ನಿದ್ದೆ ಬರುತ್ತಿದೆಯೇ, ಬೆನ್ನುನೋವು ತಗ್ಗಿತೇ? ದೂರವಾಣಿ ಸಿಗದ ಕಡೆಗೆ ನಿನ್ನನ್ನು ಕಳುಹಿಸಿದವರನ್ನು ಶಪಿಸಬಾರದೆಂದು ನಾಲಗೆ ಕಚ್ಚಿಕೊಂಡಿದ್ದೇನೆ. ಹೆದರಬೇಡವೆಂದು ನಿನಗೆ ಬರೆಯಲು ಕುಳಿತ ನಾನೇ ಹೆದರಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸು.

ಭಾನುವಾರ ಸಂಜೆ ನಿನ್ನ ಮಗಳು, ನಮ್ಮ ಮಿಡತೆ, ಹೆಸರಿಗೆ ತಕ್ಕಂತೆ ಹಿತ್ತಲ ಗೋಡೆಯಿಂದ ಜಿಗಿದು ಬಲಗೈ ಊರಿ ಬಿದ್ದಳು. ಮಣಿಕಟ್ಟು ಊದಿತು. ಬೆರಳಾಡಿಸು ಎಂದೆ, ಆಡಿಸಿದಳು. ಬೆರಳಾಡಿದರೆ ಎಲುಬು ಮುರಿದಿಲ್ಲವೆಂದೇ ನಾನು ಈವರೆಗೆ ನಂಬಿದ್ದೆ; ಅದು ತಪ್ಪೆಂದು ಈಗ ತಿಳಿಯಿತು. ನಲವತ್ತು ವರ್ಷ ಪುಸ್ತಕ ಕಟ್ಟಿದ ಕೈಗೆ ಒಂದು ಮಣಿಕಟ್ಟು ಯಾವ ಲೆಕ್ಕ? ರಟ್ಟಿನ ಎರಡು ತುಂಡುಗಳನ್ನಿಟ್ಟು, ಹೊಲಿಗೆಯ ದಾರವನ್ನು ಎಳೆಯುವಂತೆ ಎಳೆದೆಳೆದು ಬಟ್ಟೆ ಸುತ್ತಿದೆ. ಒಂದು ಸುಕ್ಕೂ ಇರಲಿಲ್ಲ. ನೋವಿದೆಯೇ ಎಂದರೆ "ಇಲ್ಲ ತಾತಾ" ಎಂದಳು. ಭೇಷ್, ಅಮ್ಮನಂತೆಯೇ ಗಟ್ಟಿಗಿತ್ತಿ ಎಂದು ಬೆನ್ನು ತಟ್ಟಿದೆ. ಆ ಹೊಗಳಿಕೆಯೇ ಅವಳ ಬಾಯಿ ಮುಚ್ಚಿಸಿತು.

ನಿನ್ನೆ ಬೆಳಗ್ಗೆ ತಲೆ ಬಾಚುವಾಗ ಅವಳ ಬೆರಳು ನನ್ನ ಕೆನ್ನೆಗೆ ತಗುಲಿತು. ತಣ್ಣಗಿತ್ತು. ಉಗುರುಗಳು ನೀಲಿಗಟ್ಟುತ್ತಿದ್ದವು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ದಾದಿ ಕಟ್ಟಿಗೆ ಕತ್ತರಿ ಹಾಕುತ್ತಲೇ, "ಯಜಮಾನ್ರೇ, ಏನ್ ಕೆಲಸ ನಿಮ್ದು? ಬುಕ್ ಬೈಂಡಿಂಗಾ? ಗೊತ್ತಾಯ್ತು ಬಿಡಿ! ಊತ ಬರೋಕೆ ಜಾಗ ಬಿಡೋದ್ಬೇಡ್ವಾ?" ಎಂದಳು. ಉಗುರನ್ನು ಒತ್ತಿದಳು, ಬಿಳುಪಾಯಿತು. ನಿಧಾನವಾಗಿ ಕೆಂಪು ಮರಳಿದಾಗ "ರಕ್ತ ಓಡ್ತಿದೆ" ಎಂದಳು. ವೈದ್ಯರು ಎಕ್ಸ್‌-ರೇ ತೆಗೆಸಿ ನೋಡಿ, "ಮಕ್ಕಳ ಎಲುಬಿನ ತುದಿ ಇನ್ನೂ ಬೆಳೀತಾ ಇರುತ್ತೆ, ಅಲ್ಲಿ ಬಿರುಕಿದ್ರೂ ಮೊದಲ್ನೇ ಎಕ್ಸ್‌-ರೇಲಿ ಕಾಣ್ದೇ ಇರ್ಬಹುದು" ಎಂದು ಸಡಿಲವಾದ ಪಟ್ಟಿ ಹಾಕಿ, ಕೈಯನ್ನು ದಿಂಬಿನ ಮೇಲೆ ಎತ್ತಿಡಲು ಹೇಳಿ, ಮುಂದಿನ ವಾರ ಮತ್ತೆ ಬರಲು ತಿಳಿಸಿದ್ದಾರೆ. "ಬೆರಳು ತಣ್ಣಗಾದ್ರೆ, ಜೋಮು ಹಿಡಿದ್ರೆ ಒಂದ್ ನಿಮಿಷಾನೂ ಕಾಯ್ಬೇಡಿ" ಎಂದೂ ಎಚ್ಚರಿಸಿದ್ದಾರೆ.

ನಿನ್ನೆಯಿಂದ ಗಂಟೆಗೊಮ್ಮೆ ಉಗುರು ಒತ್ತುತ್ತಿದ್ದೇನೆ. "ನಾನೇನ್ ಕಾಲಿಂಗ್ ಬೆಲ್ಲಾ ತಾತಾ?" ಎಂದು ರೇಗುತ್ತಾಳೆ. ಬಣ್ಣ ಚೆನ್ನಾಗಿದೆ.

ನಿನಗೆ ಒಳಿತಾಗಲಿ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ, ಸಡಿಲವಾಗಿ.

ನಿನ್ನ
ಅಪ್ಪ

ಮರುಬರಹ: ಶಿಬಿರಕ್ಕೆ ಸಾಮಾನು ಒಯ್ಯುವ ಜೀಪಿನ ಚಾಲಕ ಬಾಗಿಲಲ್ಲಿ ನಿಂತಿದ್ದಾನೆ. ಲಕೋಟೆ ಅಂಟಿಸುವ ಮುನ್ನ ಮಗುವಿಗೆ ಕಣ್ಣು ಮುಚ್ಚಿಸಿ, ಯಾವ ಬೆರಳನ್ನು ಮುಟ್ಟಿದೆ ಹೇಳು ಎಂದೆ. ನಾಲ್ಕನ್ನೂ ಸರಿಯಾಗಿ ಹೇಳಿದಳು. ಕಿರುಬೆರಳನ್ನು ಹಿಡಿದೇ ಇದ್ದೆ. "ಬೇಗ ಮುಟ್ಟು ತಾತಾ" ಎಂದಳು. ಆಸ್ಪತ್ರೆಗೆ ಹೊರಟೆವು. ಇದೇ ಜೀಪಿನಲ್ಲಿ ಬಂದುಬಿಡು.