ಅಂತೋನೊವ್ಕಾದ ಕಸಿ ಕಡ್ಡಿಗಳು

ರಿಮ್ಮಾ,

‘ಅಕ್ಕ’ ಎಂದು ಶುರು ಮಾಡೋಣವೆಂದುಕೊಂಡೆ, ಕೈ ಓಡಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಯೆಫಿಮರನ್ನು ಬಿಟ್ಟು ರೈಲ್ವೆಯವನ ಜೊತೆ ಯೆಲೆತ್ಸ್ ಪಟ್ಟಣಕ್ಕೆ ಹೋದವಳು ನೀನು, ಆಮೇಲೆ ಅವರನ್ನು ಕಟ್ಟಿಕೊಂಡು ಈ ಮನೆಗೆ ಬಂದವಳು ನಾನು. ಹೋಗುವಾಗ ಬಟ್ಟೆಬರೆ, ಹೊಲಿಗೆ ಯಂತ್ರ, ಕೊನೆಗೆ ಕಿಟಕಿಯ ಪರದೆಗಳನ್ನೂ ಬಿಚ್ಚಿಕೊಂಡು ಹೋದೆಯಂತೆ. ಅಂಗಳದಲ್ಲಿ ನೀನು ನೆಟ್ಟ ಅಂತೋನೊವ್ಕಾ ಸೇಬಿನ ಮರವನ್ನು ಮಾತ್ರ ಬಿಟ್ಟೆ. ಅದನ್ನೂ ಕಿತ್ತುಕೊಂಡು ಹೋಗಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ.

ಪ್ರತಿ ಶರತ್ಕಾಲ ಅವರು ಏಣಿ ಹತ್ತಿ, ಒಂದೊಂದೇ ಹಣ್ಣನ್ನು ಕೈಯಾರೆ ಬಿಡಿಸಿ, ಹುಲ್ಲು ಹಾಸಿದ ಪೆಟ್ಟಿಗೆಯಲ್ಲಿಟ್ಟು ಬಸ್ಸಿನ ಡ್ರೈವರನ ಕೈಯಲ್ಲಿ ನಿನಗೆ ಕಳಿಸುತ್ತಾರೆ. ಕೇಳಿದರೆ, “ಅವಳು ನೆಟ್ಟ ಮರ ಕಣೆ, ಅವಳಿಗೂ ಒಂದು ಪಾಲು ಬೇಡ್ವಾ?” ಎನ್ನುತ್ತಾರೆ. ಉಳಿದದ್ದನ್ನು ನಾನು ಚಳಿಗಾಲಕ್ಕೆಂದು ರೈ ಧಾನ್ಯದ ಹುಲ್ಲಿನ ಜೊತೆ ಪೀಪಾಯಿಯ ಉಪ್ಪುನೀರಿನಲ್ಲಿ ನೆನೆಹಾಕುತ್ತೇನೆ. ಮದುವೆಯಾದ ಮೊದಲ ಚಳಿಗಾಲ ಅದನ್ನು ತಿಂದು ಬಾಯಿ ಚಪ್ಪರಿಸಿ, “ಚೆನ್ನಾಗಿದೆ. ರಿಮ್ಮಾ ಸ್ವಲ್ಪ ಚೆರ್ರಿ ಎಲೆನೂ ಹಾಕ್ತಿದ್ಲು” ಅಂದರು. ಅಂದಿನಿಂದ ನಮ್ಮ ಮನೆಯ ಪೀಪಾಯಿಯ ಹತ್ತಿರ ಚೆರ್ರಿ ಎಲೆ ಸುಳಿದಿಲ್ಲ.

ನಾನೂ ಸುಮ್ಮನೆ ಕೂತವಳಲ್ಲ. ಸಂತೆಯಿಂದ ಕೆಂಪು ಸೇಬಿನ ಸಸಿ ತಂದು ನಿನ್ನ ಮರದೆದುರಿಗೇ ನೆಟ್ಟೆ. ಸಕ್ಕರೆಯಂಥ ಹಣ್ಣು ಬಿಡುವ ಜಾತಿ ಎಂದಿದ್ದ ಮಾರುವವನು. ನಿನ್ನದರ ಹುಳಿ ಯಾರಿಗೆ ಬೇಕು ಎಂದುಕೊಂಡಿದ್ದೆ. ಆ ಸಲ ಮೈನಸ್ ನಲವತ್ತರ ಚಳಿ ಬಿತ್ತು. ಮೇ ತಿಂಗಳಲ್ಲಿ ನಿನ್ನ ಮರ ಏನೂ ಆಗದ ಹಾಗೆ ಬೆಳ್ಳಗೆ ಹೂ ಬಿಟ್ಟಿತು. ನನ್ನ ಸಸಿಯ ತೊಗಟೆ ಕಪ್ಪಾಗಿ ಸುಲಿದು ಬಂತು. ಅವರು ಅದನ್ನು ಕಿತ್ತು, “ದಕ್ಷಿಣದ ಗಿಡ, ಪಾಪ, ಇಲ್ಲಿ ಹೇಗೆ ತಡ್ಕೊಳ್ಳುತ್ತೆ” ಅಂದರು. ಆ ‘ಪಾಪ’ ಇನ್ನೂ ಕಿವಿಯಲ್ಲಿದೆ. ನಾನೂ ದಕ್ಷಿಣದವಳೇ, ನಿನಗೆ ಗೊತ್ತಿರಲಿಕ್ಕಿಲ್ಲ.

ಹಿಮ ಬಿದ್ದಾಗಲೆಲ್ಲ ಅವರು ದಪ್ಪ ಬೂಟು ಹಾಕಿಕೊಂಡು ನಿನ್ನ ಮರದ ಸುತ್ತ ಹಿಮ ತುಳಿದು ಗಟ್ಟಿ ಮಾಡುತ್ತಾರೆ. ಸಡಿಲ ಬಿಟ್ಟರೆ ಇಲಿಗಳು ಒಳಗೊಳಗೇ ಬಂದು ತೊಗಟೆ ಕಡಿಯುತ್ತವಲ್ಲ. ಈ ವರ್ಷ ಮಂಡಿ ಕೈಕೊಟ್ಟು ಮಲಗಿದರು. “ಗ್ಲಾಫಿರಾ, ಆ ಬುಡ ಒಂಚೂರು ತುಳಿದು ಬರ್ತೀಯಾ?” ಎಂದು ಅಂಗಲಾಚಿದರು. ಹೋಗಿ ತುಳಿದೆ. ಯಾರನ್ನು ನೆನೆದು ತುಳಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಇಲಿಯೂ ಹತ್ತಿರ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಲುಕೇರ್ಯಾ ನಿನ್ನ ಸುದ್ದಿ ತಂದಳು. ನೀನೊಂದು ತುಂಡು ಜಾಗ ಕೊಂಡಿದ್ದೀಯ, ಅಲ್ಲೊಂದು ಕಾಡುಸೇಬಿನ ಗಿಡವಿದೆ, ಅದಕ್ಕೆ ಈ ಮರದ ಕಡ್ಡಿ ಕಸಿ ಕಟ್ಟಿಸಬೇಕಂತೆ. “ವಸಂತದಲ್ಲಿ ಯೆಫಿಮನೇ ಒಂದ್ಸಲ ಬಂದು ಹೋದ್ರೆ ಚೆನ್ನಾಗಿತ್ತು ಅಂದ್ಲಮ್ಮ,” ಎಂದು ಹೇಳಿ ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. ಯೆಫಿಮರು ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡರು. ಮರುದಿನ ನೋಡುತ್ತೇನೆ, ನಡೆಯಲಾರದ ಮನುಷ್ಯ ಎದ್ದು ಕೂತು ಕಸಿ ಚಾಕು ಮಸೆಯುತ್ತಿದ್ದಾರೆ! ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು, ರಿಮ್ಮಾ. ಅವರು ನಿನ್ನ ಅಂಗಳಕ್ಕೆ ಕಾಲಿಟ್ಟರೆ ನಾನು ಈ ಮನೆಯಲ್ಲಿ ಯಾರಾಗಿ ಉಳಿಯುತ್ತೇನೆ?

ಕಸಿ ಕಟ್ಟುವುದನ್ನು ಅವರು ನನಗೆ ಮೊದಲ ವಸಂತದಲ್ಲೇ ಕಲಿಸಿದ್ದಾರೆ. ಹಿಂದೆ ನಿಂತು, ನನ್ನ ಕೈ ಹಿಡಿದು, ಚಾಕು ಒಂದೇ ಎಳೆತಕ್ಕೆ ಹೇಗೆ ಜಾರಬೇಕೆಂದು ತೋರಿಸಿಕೊಟ್ಟರು. ನಿನಗೂ ಹಾಗೇ ಕಲಿಸಿದ್ದರಾ? ಬೇಡ, ಉತ್ತರ ಬರೆಯಬೇಡ. ನಿನಗೆ ಕಸಿ ಬರುತ್ತಿದ್ದರೆ ಅವರನ್ನು ಕರೆಯುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ನಿನ್ನೆ ಏಣಿ ಹತ್ತಿ ಒಳ್ಳೆಯ ಕಡ್ಡಿಗಳನ್ನು ನಾನೇ ಕತ್ತರಿಸಿದೆ. ಒದ್ದೆ ಬಟ್ಟೆ ಸುತ್ತಿ, ವಸಂತದವರೆಗೆ ಚಿಗುರದಿರಲೆಂದು ಕೊಟ್ಟಿಗೆಯ ನೆರಳಿನಲ್ಲಿ ಹಿಮದೊಳಗೆ ಹೂತಿಟ್ಟಿದ್ದೇನೆ. ಅವರು ಕಿಟಕಿಯಿಂದ ನೋಡಿದರು. ನಾನು ಒಳಗೆ ಬಂದಾಗ ಚಾಕುವನ್ನು ನನ್ನತ್ತ ಸರಿಸಿದರು. ಕಣ್ಣಂಚಿನಲ್ಲಿ ನಗು ಇತ್ತೋ ಏನೋ, ನಾನು ತಿರುಗಿ ನೋಡಲಿಲ್ಲ.

ಮೊಗ್ಗು ಉಬ್ಬುವ ಹೊತ್ತಿಗೆ ಬಸ್ಸಿಗೆ ನಾನು ಬರುತ್ತೇನೆ, ಅವರಲ್ಲ. ಕಾಡುಸೇಬನ್ನು ಕೊಯ್ದು ಕಡ್ಡಿ ಕೂರಿಸಿ ಬಿಗಿಯಾಗಿ ಕಟ್ಟಿ, ಒಂದು ಲೋಟ ಚಹಾ ಕುಡಿದು ಹಿಂದಿರುಗುತ್ತೇನೆ. ಫಲ ಬರಲು ವರ್ಷಗಳೇ ಬೇಕು. ಬರಲಿ, ಕಾಯುತ್ತಿರು. ಆದರೆ ಕಟ್ಟಿದ ಕೈ ನನ್ನದು. ಇಷ್ಟು ವರ್ಷ ನೀನು ನನ್ನ ಅಂಗಳದಲ್ಲಿ ನಿಂತಿದ್ದೆ. ಇನ್ನು ನಿನ್ನ ಅಂಗಳದಲ್ಲಿ ನಾನು ನಿಂತಿರುತ್ತೇನೆ. ಎಂಥ ಚಳಿಗೂ ಸಾಯುವುದಿಲ್ಲ, ನೋಡುತ್ತಿರು.

ನಿನ್ನ ಹೊಟ್ಟೆ ತಣ್ಣಗಿರಲಿ. ನನ್ನದನ್ನು ನಾನು ನೋಡಿಕೊಳ್ಳುತ್ತೇನೆ.

ಯೆಫಿಮರ ಹೆಂಡತಿ,
ಗ್ಲಾಫಿರಾ